ಒಂಬತ್ತು ಭಾನುವಾರ, ಒಂದೇ ನೀಲಿ ಕಾರು

ಒಂಬತ್ತು ಭಾನುವಾರ ಬಿಡದೆ ನೀಲಿ ಕಾರೇ ಗೆದ್ದಿತು. ಇದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ಪುಣೆಯ ಸ್ವಾರಗೇಟಿನ ನಮ್ಮ ಹೋಟೆಲಿನಲ್ಲಿ ಒಂದೇ ಸಾಂಬಾರು ನಲವತ್ತೊಂದು ವರ್ಷದಿಂದ ಗೆಲ್ಲುತ್ತಾ ಬಂದಿದೆ. ಯಾವ ಗಿರಾಕಿಯೂ ಎದ್ದು ನಿಂತು, ರಘುರಾಮಣ್ಣ, ನಿನ್ನೆಯ ರುಚಿಯೇ ಇವತ್ತೂ ಇದೆಯಲ್ಲ, ಬೇಸರ ಬಂತು ಎಂದದ್ದಿಲ್ಲ. ರುಚಿ ಬದಲಾದ ದಿನವೇ ಜನ ಅಡುಗೆಯವನನ್ನು ಹೊರಗೆ ಕರೆಯುವುದು.

ಈ ಒಂದು ನಂಬಿಕೆಯಿಂದ ನನ್ನ ಕುರ್ಚಿ ಹೋಯಿತು.

ಕುರ್ಚಿ ಎಂದರೆ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಹಿಂದಿನ ಬೆತ್ತದ ಕುರ್ಚಿ. ಮೂರು ಸಲ ಹೆಣೆಸಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಪುಣೆಗೆ ಬಂದವನ ಹತ್ತಿರ ಇದ್ದ ವಿದ್ಯೆ ಒಂದೇ, ನೆನಪು. ಹದಿನಾಲ್ಕು ಟೇಬಲ್ಲಿನಲ್ಲಿ ಯಾರು ಏನು ತಿಂದರು ಎಂಬುದು ಚೀಟಿಯಿಲ್ಲದೆ ನನ್ನ ತಲೆಯಲ್ಲಿ ಇರುತ್ತಿತ್ತು. ಏಳನೇ ಟೇಬಲ್ಲಿನ ಮೂಲೆಯಲ್ಲಿ ಕೂರುತ್ತಿದ್ದ ಮೇಷ್ಟರಿಗೆ ವಡೆ ಮುಳುಗಿಸಿ ಕೊಡಬೇಕು, ಅವರ ಹೆಂಡತಿಗೆ ಬೇರೆ ಬಟ್ಟಲಲ್ಲಿ. ಆ ಮೇಷ್ಟರು ಹೋಗಿ ಹನ್ನೆರಡು ವರ್ಷವಾಯಿತು. ನನಗೆ ಇನ್ನೂ ಮರೆತುಹೋಗಿಲ್ಲ.

ಕಳೆದ ವರ್ಷ ಮೊಣಕಾಲು ಊದಿಕೊಂಡಾಗ ಮಗ ಸುಖೇಶ್ ಹೇಳಿದ, "ಅಪ್ಪಾ, ನೀವು ಆರು ದಿನ ಕೂತ್ರೆ ಸಾಕು. ಭಾನುವಾರ ರಷ್ ಉಂಟು, ಅದು ನಿಮ್ಮ ಕಾಲಿಗೆ ಆಗುದಿಲ್ಲ. ಒಬ್ಬ ಜನ ಇಡುವ."

ಇಂದಾಪುರದ ಕಡೆಯ ಒಬ್ಬನನ್ನು ಭಾನುವಾರಕ್ಕೆಂದು ಇಟ್ಟ. ನಾನು ಒಪ್ಪಿದೆ. ಒಪ್ಪಿದ ದಿನದಿಂದ ಒಂದೇ ಚಿಂತೆ. ಭಾನುವಾರ ಬಿಟ್ಟುಕೊಟ್ಟವನು ಸೋಮವಾರವನ್ನು ಎಷ್ಟು ದಿನ ಕಾಪಾಡಿಕೊಂಡಾನು?

ನಮ್ಮ ಮನೆ ಖರಾಡಿಯಲ್ಲಿ, ಹನ್ನೊಂದನೇ ಮಹಡಿ. ಎದುರು ಮನೆಯಲ್ಲಿ ಪುನೀತ ಎಂಬ ಹುಡುಗ, ಮೈಸೂರು ಕಡೆಯವನು, ಕಂಪ್ಯೂಟರ್ ಕೆಲಸ. ಮೊದಲ ಭಾನುವಾರ ನಾನು ನಡುಮನೆಯಲ್ಲಿ ಕಾಲು ನೀಡಿಕೊಂಡು ಗೋಡೆ ನೋಡುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು, "ತಾತ, ನಿಮ್ ಟಿವಿ ದೊಡ್ದು. ರೇಸ್ ನೋಡ್ಬಹುದಾ?" ಎಂದ. ಏನೇನೋ ಒತ್ತಿ ತನ್ನ ಖಾತೆಯಿಂದ ಅದನ್ನು ನಮ್ಮ ಟಿವಿಗೆ ತಂದ.

ಇಪ್ಪತ್ತು ಕಾರು. ನೆಲಕ್ಕೆ ಅಂಟಿಸಿದ ಹಾಗೆ ಚಪ್ಪಟೆ. ಒಬ್ಬನೇ ಕೂರುವಂಥದ್ದು, ಒಂದು ಚೀಲ ತರಕಾರಿ ಇಡಲಿಕ್ಕೂ ಜಾಗವಿಲ್ಲ. ಎಲ್ಲಕ್ಕಿಂತ ಮುಂದೆ ನಿಂತ ನೀಲಿ ಕಾರು ಮುಂದೆಯೇ ಹೊರಟಿತು, ಮುಂದೆಯೇ ಓಡಿತು, ಮುಂದೆಯೇ ಮುಟ್ಟಿತು. ನಡುವೆ ಒಂದು ಸಲ ಒಳಗೆ ಬಂತು. ಇಪ್ಪತ್ತು ಜನ ಓಡಿ ಬಂದು ನಾಲ್ಕು ಚಕ್ರ ಬಿಚ್ಚಿ ನಾಲ್ಕು ಚಕ್ರ ಹಾಕಿ ಕೈ ಎತ್ತಿದರು. ನಾನು ಉಗುಳು ನುಂಗುವಷ್ಟರಲ್ಲಿ ಕಾರು ಹೊರಗೆ. ಮೊಣಕಾಲು ಮರೆತು ಎದ್ದು ನಿಂತೆ. ನಮ್ಮಲ್ಲಿ ಒಂದು ಟೇಬಲ್ ಒರೆಸಲು ಇದರ ಇಪ್ಪತ್ತು ಪಟ್ಟು ಹೊತ್ತು ಬೇಕು, ಅದೂ ಎರಡು ಸಲ ಕೂಗಿದ ಮೇಲೆ.

ಪುನೀತ ಮಾತ್ರ ಸೋಫಾದಲ್ಲಿ ಜಾರಿ ಜಾರಿ ಕೊನೆಗೆ ತಲೆಯೊಂದೇ ಕಾಣುವಷ್ಟಕ್ಕೆ ಬಂದಿದ್ದ.

"ಇಷ್ಟೇ ತಾತ. ಶನಿವಾರ ಯಾರು ಮುಂದಿನ ಜಾಗ ಹಿಡೀತಾರೋ ಭಾನುವಾರ ಅವ್ರೇ ಗೆಲ್ಲೋದು. ಮುಂಚೆ ಹಿಂಗಿರ್ಲಿಲ್ಲ. ಈಗ ಫುಲ್ ಪ್ರಿಡಿಕ್ಟಬಲ್."

"ಹಾಗೆಂದ್ರೆ ಎಂತದು?"

"ಏನಾಗುತ್ತೆ ಅಂತ ಮೊದಲೇ ಗೊತ್ತು. ಮಜಾನೇ ಹೋಗ್ಬಿಟ್ಟಿದೆ."

"ಮತ್ತೆ ನೀನು ಯಾಕೆ ನೋಡ್ತಿ?"

ಅವನು ಸ್ವಲ್ಪ ಯೋಚಿಸಿ, "ಅಭ್ಯಾಸ ತಾತ," ಎಂದ.

ನಮ್ಮ ಗಿರಾಕಿಗಳೂ ಅದಕ್ಕೇ ಬರುವುದು. ಹುಡುಗನ ಮೇಲೆ ನನಗೆ ಗೌರವ ಹುಟ್ಟಿತು.

ನನ್ನ ಹೆಂಡತಿ ಲೀಲಾಕ್ಷಿ ಸೋಫಾದ ಇನ್ನೊಂದು ತುದಿಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಪುನೀತ ಹೋಗುವಾಗ ರಿಮೋಟನ್ನು ಅವಳ ಕೈಗೆ ಕೊಟ್ಟ. "ಅಜ್ಜಿ, ಇನ್ಮೇಲೆ ಭಾನುವಾರ ನಂಗೆ ಆಫೀಸ್ ಇರುತ್ತೆ, ಅಲ್ಲೇ ಫೋನಲ್ಲಿ ನೋಡ್ಕೋತೀನಿ. ಟಿವಿ ಹಾಕಿ, ರೇಸಿನ ಚಿತ್ರ ಬರುತ್ತೆ. ನಡುವಿನ ದುಂಡು ಬಟನ್ ಒತ್ತಿ. ಅಷ್ಟೇ."

ಎರಡನೇ ಭಾನುವಾರ ಆರೂವರೆಗೆ ಲೀಲಾಕ್ಷಿ ದುಂಡು ಬಟನ್ ಒತ್ತಿದಳು. ನೀಲಿ ಕಾರು ಮುಂದೆ ನಿಂತಿತ್ತು. ಮುಂದೆಯೇ ಓಡಿತು. ಇಪ್ಪತ್ತೆರಡನೇ ಸುತ್ತಿನಲ್ಲಿ, ಮೂರನೇ ತಿರುವಿನಲ್ಲಿ ಹಸಿರು ಕಾರು ಹೋದ ವಾರದ ಹಾಗೆಯೇ ಗೋಡೆಗೆ ಬಡಿಯಿತು. ಓಡಿಸುವವನು ಹೊರಬಂದು ಹೋದ ವಾರದ ಹಾಗೆಯೇ ಕೈಗವಸು ಕಿತ್ತು ಎಸೆದ. ಹಳದಿ ಟೋಪಿಯ ಒಬ್ಬ ಹೆಂಗಸು ಎರಡೂ ಕೈ ಮುಖಕ್ಕೆ ಮುಚ್ಚಿ ಆಕಳಿಸಿದಳು. ಹತ್ತು ನಿಮಿಷ ಹನಿ ಮಳೆ. ಬಿಳಿ ಅಂಗಿಯವನೊಬ್ಬ ಯಾರೋ ದೊಡ್ಡವರಿಗೆ ಕೊಡೆ ಹಿಡಿಯಲು ಓಡಿ ಬಂದು ಕೊಡೆ ಬೀಳಿಸಿದ.

ನಾನು ಇದನ್ನೆಲ್ಲ ಕೂಲಂಕಷವಾಗಿ ವಿಚಾರ ಮಾಡಿದೆ. ಆ ಹೆಂಗಸು ಖಾಯಂ ಗಿರಾಕಿ. ಅವಳ ಜಾಗ ಅವಳದ್ದು, ನಮ್ಮ ಏಳನೇ ಟೇಬಲ್ಲಿನ ಮೇಷ್ಟರ ಹಾಗೆ. ಹಸಿರು ಕಾರಿನವನು ಕಲಿಯದ ಮನುಷ್ಯ. ನಮ್ಮಲ್ಲೂ ಒಬ್ಬನಿದ್ದ, ಆರು ವರ್ಷ ದಿನಾ ಅದೇ ಹೊಸ್ತಿಲಿಗೆ ಎಡವಿ ಅದೇ ತಟ್ಟೆ ಒಡೆಯುತ್ತಿದ್ದ. ಕೊಡೆಯವನನ್ನು ನಾನಾಗಿದ್ದರೆ ಮೂರನೇ ವಾರಕ್ಕೆ ಊರಿಗೆ ಕಳಿಸುತ್ತಿದ್ದೆ. ಅವರ ಯಜಮಾನ ಒಳ್ಳೆಯವನಿರಬೇಕು.

ಸೋಮವಾರ ಲಿಫ್ಟಿನಲ್ಲಿ ಪುನೀತ ಸಿಕ್ಕಿದ.

"ನೋಡಿದ್ರಾ ತಾತ? ಸೇಮ್ ಸ್ಟೋರಿ."

"ಹೌದಪ್ಪ, ನೀಲಿ ಕಾರೇ."

"ಯಾವ ದೇಶಕ್ಕೆ ಹೋದ್ರೂ ಅಷ್ಟೇ. ಈ ಸಲ ಬೆಲ್ಜಿಯಂ, ಹೋದ ಸಲ ಬೇರೆ. ಏನ್ ವ್ಯತ್ಯಾಸ ಹೇಳಿ?"

ದೇಶ ಬೇರೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಅರ್ಥವಾಯಿತು. ಉಡುಪಿ ಹೋಟೆಲು ನಾಗಪುರದಲ್ಲಿರಲಿ ನಾಶಿಕದಲ್ಲಿರಲಿ, ಒಳಗೆ ಹೋದರೆ ಎಡಕ್ಕೆ ಕೈ ತೊಳೆಯುವ ಜಾಗ, ಬಲಕ್ಕೆ ಗಲ್ಲೆ, ಮೇಲೆ ದೇವರ ಪಟ. ಇವರೂ ಹಾಗೆ ಒಂದೇ ನಮೂನೆಯಲ್ಲಿ ರಸ್ತೆ ಕಟ್ಟಿಸಿದ್ದಾರೆ.

"ಹಸಿರು ಕಾರಿನವನು ಮತ್ತೆ ಬಡಿದ," ಎಂದೆ.

"ಅವ್ರದ್ದು ಇದ್ದಿದ್ದೇ ಬಿಡಿ," ಎಂದ ಪುನೀತ.

ಹೀಗೆ ತಿಳಿದವನೇ ಒಪ್ಪಿದ ಮೇಲೆ ನಾನು ಯಾಕೆ ಸಂಶಯಪಡಲಿ? ಒಂದು ಸೋಮವಾರ ಅವನು, "ಈ ವಾರ ರೇಸ್ ಇರ್ಲಿಲ್ಲ, ರಜಾ," ಎಂದ. "ನಮ್ಮ ಮನೆಯಲ್ಲಿ ಇತ್ತು," ಎಂದೆ. ಲಿಫ್ಟು ಕೆಳಗೆ ಮುಟ್ಟುವವರೆಗೂ ಅವನು ನಕ್ಕ. "ತಾತ, ನೀವು ಸಖತ್ ಜೋಕ್ ಹೊಡೀತೀರ."

ನಾನು ತಮಾಷೆ ಮಾಡುವ ಮನುಷ್ಯನಲ್ಲ. ಆದರೆ ಹುಡುಗ ಖುಷಿಯಾಗಿದ್ದಾನಲ್ಲ ಎಂದು ಸುಮ್ಮನಾದೆ.

ಪ್ರತಿ ಸೋಮವಾರ ಹೋಟೆಲಿನಲ್ಲಿ ನಾನು ಸುಖೇಶನಿಗೂ ಅಡುಗೆಯವರಿಗೂ ರೇಸಿನ ವರದಿ ಒಪ್ಪಿಸುತ್ತಿದ್ದೆ. ನೀಲಿ ಕಾರು, ಮೂರನೇ ತಿರುವು, ಹಳದಿ ಟೋಪಿ, ಕೊಡೆ. ಮೊದಲೆರಡು ವಾರ ಎಲ್ಲರೂ ಕೇಳಿದರು. ನಾಲ್ಕನೇ ವಾರ ಅಡುಗೆಯವನು ನನಗಿಂತ ಮೊದಲೇ, "ಕೊಡೆ ಬಿತ್ತಾ ಅಣ್ಣ?" ಎಂದ. ಐದನೇ ವಾರ ಸುಖೇಶ್ ನನ್ನ ಮುಖವನ್ನೇ ನೋಡುತ್ತಾ ನಿಂತ. ಅವನಿಗೆ ರೇಸಿನಲ್ಲಿ ಆಸಕ್ತಿ ಬಂತು ಎಂದು ನಾನು ಸಂತೋಷಪಟ್ಟೆ.

ಏಳನೇ ಭಾನುವಾರ ಪುನೀತನ ಅಪ್ಪ ಅನಂತರಾಮು ಬಂದರು. ಅವರೂ ಹೆಂಡತಿ ಸರೋಜಮ್ಮನವರೂ ಮಂಡ್ಯದಿಂದ ಮಗನ ಮನೆಗೆ ಬಂದಿದ್ದರು. ಮನೆಗೆ ಬಂದ ಹಿರಿಯರು, ಆಟ ಹೊಸದು. ತಿಳಿದವನು ಮುಂಚಿತವಾಗಿ ಹೇಳುವುದು ಮರ್ಯಾದೆ ಎಂದು ನಾನು ಹೇಳುತ್ತಾ ಹೋದೆ.

"ಈಗ ಮೂರನೇ ತಿರುವು. ಹಸಿರಿನವನು ಗೋಡೆಗೆ."

ಬಡಿದ. ಅನಂತರಾಮು ನನ್ನ ಕಡೆ ತಿರುಗಿದರು.

"ಈಗ ಹನಿ ಮಳೆ."

ಬಂತು.

"ಬಿಳಿ ಅಂಗಿಯವನು ಕೊಡೆ ತರ್ತಾನೆ. ಬೀಳಿಸ್ತಾನೆ."

ಬೀಳಿಸಿದ. ಅನಂತರಾಮು ಸೋಫಾದಿಂದ ಇಳಿದು ನೆಲದ ಮೇಲೆ ಕೂತರು.

"ಸ್ವಾಮಿ, ಎಷ್ಟು ದಿನದಿಂದ ಇದು?"

"ಏಳು ವಾರ ಆಯ್ತು."

"ಏನಾದ್ರೂ ಉಪಾಸನೆ?"

"ಮೊಣಕಾಲು ನೋವು, ಅಷ್ಟೇ."

"ನಿಮಗೆ ಹೆಂಗೆ ಗೊತ್ತಾಗುತ್ತೆ ಅಂತೀನಿ."

"ನೆನಪಿರ್ತದೆ."

"ಆಗಿದ್ದನ್ನ ನೆನಪಿಟ್ಕೊಳ್ಳೋರು ಬೀದೀಲಿ ಸಿಗ್ತಾರೆ ಸ್ವಾಮಿ. ಆಗೋದನ್ನ ನೆನಪಿಟ್ಕೊಳ್ಳೋರನ್ನ ನಾನು ಇವತ್ತೇ ನೋಡ್ತಿರೋದು. ನಮ್ಮ ಮಗಳು ಧನುಶ್ರೀ ಜಾತಕ ಫೋನಲ್ಲೇ ಇದೆ, ಒಂದು ಸಲ ಕಣ್ಣಾಡಿಸಿಬಿಡಿ. ಮೂರು ವರ್ಷದಿಂದ ಗಂಡು ನೋಡ್ತಿದ್ದೀವಿ."

ಲೀಲಾಕ್ಷಿ ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂತು. ರಿಮೋಟನ್ನೂ ಜೊತೆಗೆ ತೆಗೆದುಕೊಂಡು ಹೋಗಿದ್ದಳು. ಅದನ್ನು ನಾನು ನೋಡಿದೆ. ನೋಡಿದ್ದನ್ನು ನೆನಪಿಟ್ಟುಕೊಂಡೆ. ಅಷ್ಟೇ ನನ್ನಿಂದ ಆಗುವುದು.

ಮರುದಿನ ಅನಂತರಾಮು ಖರಾಡಿಯಿಂದ ಸ್ವಾರಗೇಟಿಗೆ ಬಸ್ಸು ಹತ್ತಿ ಹೋಗಿ ನನ್ನ ಕಣ್ಣಿಗೆ ಬೀಳದ ಹಾಗೆ ಸುಖೇಶನನ್ನು ಪಕ್ಕಕ್ಕೆ ಕರೆದು, "ನಿಮ್ ತಂದೆಯವರಿಗೆ ಮುಂದಿನದು ಕಾಣುತ್ತೆ. ಹುಷಾರಾಗಿ ನೋಡ್ಕೊಳ್ಳಿ," ಎಂದು ಕೈ ಮುಗಿದರಂತೆ. ಸುಖೇಶ್ ಎರಡು ವಾರ ಯೋಚಿಸಿದ. ಒಂಬತ್ತನೇ ಸೋಮವಾರ ನಾನು ಕೊಡೆಯವರೆಗೆ ಬರುವಷ್ಟರಲ್ಲಿ, "ಅಪ್ಪಾ, ನಾಳೆ ಒಂದು ಕಡೆ ಹೋಗಿ ಬರುವ," ಎಂದ.

ಒಂದು ಕಡೆ ಎಂದರೆ ಮರೆವಿನ ಡಾಕ್ಟರು. ಪೂರ್ವಾ ಎಂದು ಹೆಸರು, ಚಿಕ್ಕ ಪ್ರಾಯದ ಹೆಂಗಸು. "ಬಸಾ ಆಜೋಬಾ," ಕೂತುಕೊಳ್ಳಿ ಅಜ್ಜಾ, ಎಂದು ಕೂರಿಸಿ ಮರಾಠಿಯಲ್ಲೇ ಕೇಳಿದಳು, ನಾನೂ ಮರಾಠಿಯಲ್ಲೇ ಉತ್ತರ ಕೊಟ್ಟೆ. ಮೂರು ಮಾತು ನೆನಪಿಡಿ ಎಂದಳು: ಸೇಬು, ಮೇಜು, ನಾಣ್ಯ. ಎಷ್ಟನೇ ನಂಬರಿನ ಮೇಜು ಎಂದು ಕೇಳಿದೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಳು. ಮನೆಯ ಗಡಿಯಾರವೋ ಹೋಟೆಲಿನದ್ದೋ, ಹೋಟೆಲಿನದ್ದು ಐದು ನಿಮಿಷ ಮುಂದೆ ಇಟ್ಟಿದೆ ಎಂದೆ. ಅವಳು ಏನೋ ಬರೆದುಕೊಂಡಳು.

"ಹೋದ ಭಾನುವಾರ ಏನು ಮಾಡಿದಿರಿ ಆಜೋಬಾ?"

ಹೇಳಿದೆ. ನೀಲಿ ಕಾರು, ಮೂರನೇ ತಿರುವು, ಹಳದಿ ಟೋಪಿ, ಹನಿ ಮಳೆ, ಕೊಡೆ. ಅವಳು ತಲೆದೂಗಿದಳು.

"ಚೆನ್ನಾಗಿದೆ. ಅದರ ಹಿಂದಿನ ಭಾನುವಾರ?"

"ನೀಲಿ ಕಾರು, ಮೂರನೇ ತಿರುವು..."

"ಅದು ಈ ವಾರದ್ದಲ್ಲವೇ?"

"ಆ ವಾರದ್ದೂ ಅದೇ."

"ಅದರ ಹಿಂದಿನದು?"

"ಕೊಡೆಯಿಂದ ಹೇಳಲೇ, ಮೊದಲಿನಿಂದ ಹೇಳಲೇ?"

ಅವಳು ಪೆನ್ನು ಕೆಳಗಿಟ್ಟು, ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಮನುಷ್ಯನನ್ನು ಕರೆದು ಕೇಳಿದಳು, ಈ ಕಾರಿನ ರೇಸು ನೋಡುತ್ತೀಯಾ, ಪ್ರತಿ ವಾರ ಒಂದೇ ಥರ ಇರುತ್ತದೆಯಾ ಎಂದು. ಅವನು ಬಹಳ ಬೇಸರದಿಂದ, "ತಸಂಚ್ ಅಸ್ತಂ ಮ್ಯಾಡಮ್, ದರ್ ವೇಳಿ ತೋಚ್ ಜಿಂಕತೋ," ಎಂದ. ಹಾಗೇ ಇರುತ್ತದೆ, ಪ್ರತಿ ಸಲ ಅವನೇ ಗೆಲ್ಲುವುದು ಎಂದು. ನನಗೆ ಧೈರ್ಯ ಬಂತು.

"ಕೊಡೆ ಕೂಡ ಬೀಳುತ್ತದೆಯಾ?" ಎಂದಳು ಡಾಕ್ಟರು.

ಅವನು ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಲೀಲಾಕ್ಷಿ ಸೆರಗು ಸರಿ ಮಾಡಿಕೊಂಡು ಮುಂದೆ ಬಗ್ಗಿದಳು. "ಡಾಕ್ಟ್ರೇ, ಅದು ಟಿವಿಯಲ್ಲಿ..."

ನಾನು ಹೇಳಿದೆ, "ನೀನು ಸುಮ್ಮನಿರು ಮಾರಾಯ್ತಿ. ನಿನಗೆ ರೇಸಿನದ್ದು ಎಂತ ಗೊತ್ತು?"

ಅವಳು ಸುಮ್ಮನಾದಳು. ನಲವತ್ತೊಂದು ವರ್ಷ, ನಿನಗೆ ಹೋಟೆಲಿನದ್ದು ಎಂತ ಗೊತ್ತು ಎಂದು ಕೇಳಿದ ಬಾಯಿ ಇದು. ಅದಕ್ಕೆ ಬೇರೆ ಮಾತು ಬರುತ್ತಿರಲಿಲ್ಲ. ಆವತ್ತು ಒಂದು ಸಲ ಅವಳ ಮಾತು ಮುಗಿಯಲು ಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಡಾಕ್ಟರು ಸುಖೇಶನಿಗೆ ಹೇಳಿದ್ದು ಇಷ್ಟು. ಹಳೆಯದೆಲ್ಲ ಸ್ಪಷ್ಟವಾಗಿದೆ, ಇತ್ತೀಚಿನ ವಾರಗಳು ಒಂದರೊಳಗೊಂದು ಸೇರಿಹೋಗಿವೆ. ಸದ್ಯ ಗಲ್ಲೆಯಲ್ಲಿ ಕೂರಿಸಬೇಡಿ.

ಸಂಜೆ ಸುಖೇಶ್ ನನ್ನ ಎದುರು ಬಂದು ಕೂತ. ಆಮೇಲೆ, "ಅಪ್ಪಾ, ಬೀಗದ ಕೈ ಕೊಡಿ. ಸ್ವಲ್ಪ ದಿನಕ್ಕೆ," ಎಂದ. ಸೊಂಟದ ನೂಲಿನಿಂದ ಬಿಚ್ಚಿ ಕೊಟ್ಟೆ. ಬಿಚ್ಚಲು ತಡವಾಯಿತು. ಆ ಗಂಟು ಅಷ್ಟು ವರ್ಷ ಬಿಚ್ಚಿದ್ದೇ ಇಲ್ಲ.

ಮರುದಿನದಿಂದ ಕಟ್ಟಡಕ್ಕೆ ಕಟ್ಟಡವೇ ನನ್ನ ಜೊತೆ ಗಟ್ಟಿಯಾಗಿ, ನಿಧಾನವಾಗಿ ಮಾತಾಡಲು ಶುರುಮಾಡಿತು. ಕಾವಲುಗಾರ ನನ್ನ ಮನೆಯ ನಂಬರು ಬರೆದ ಚೀಟಿ ನನ್ನ ಕಿಸೆಗೆ ಹಾಕಿದ. ನಾಲ್ಕನೇ ಮಹಡಿಯ ಗೋದಾಬಾಯಿ ಸಿಕ್ಕಿದಲ್ಲೆಲ್ಲ, "ನಾನು ಯಾರು ಹೇಳಿ?" ಎಂದು ಕೇಳಿದರು. ಮೂರನೇ ಸಲಕ್ಕೆ ನಾನು, "ಅದು ನಿಮಗೇ ಗೊತ್ತಿಲ್ಲವಾ?" ಎಂದೆ. ಅದನ್ನೂ ರೋಗದ ಲೆಕ್ಕಕ್ಕೆ ಸೇರಿಸಿದರು. ಸರೋಜಮ್ಮನವರು ದಿನಾ ಒಂದೆಲಗದ ಚಟ್ನಿ ಕಳಿಸಿದರು. ಅನಂತರಾಮು ಒಬ್ಬರೇ ಬಂದು ಬಾಗಿಲು ಮುಂದೆ ಮಾಡಿಕೊಂಡು, "ಪೂರ್ತಿ ಮರೆಯೋದ್ರೊಳಗೆ ನಮ್ಮ ಧನುಶ್ರೀದೊಂದು ಹೇಳಿಬಿಡಿ ಸ್ವಾಮಿ," ಎಂದು ಬೇಡಿಕೊಂಡರು. ವೈಶಾಖದಲ್ಲಿ ಆಗುತ್ತದೆ ಎಂದೆ. ಹೋಟೆಲಿನವನಿಗೆ ಮದುವೆ ಎಂದರೆ ವೈಶಾಖವೇ ನೆನಪು. ಅವರು ಕಣ್ಣೊರೆಸಿಕೊಂಡು ಹೋದರು.

ಆ ಭಾನುವಾರ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಮುಂದಿನ ಮಂಗಳವಾರ ಮಧ್ಯಾಹ್ನ ನಾನು ಗೋಡೆ ನೋಡುತ್ತಾ ಕೂತಿದ್ದೆ. ಕೈ ಆಗಾಗ ಸೊಂಟಕ್ಕೆ ಹೋಗುತ್ತಿತ್ತು. ಲೀಲಾಕ್ಷಿ ಬಂದು ನನ್ನ ಮುಖ ನೋಡಿದಳು. ಟಿವಿ ಹಾಕಿ ದುಂಡು ಬಟನ್ ಒತ್ತಿದಳು. ನೀಲಿ ಕಾರು ಮುಂದೆ ನಿಂತಿತ್ತು.

"ಮಂಗಳವಾರವೂ ರೇಸ್ ಉಂಟಾ?" ಎಂದೆ.

ಉತ್ತರ ಕೊಟ್ಟವಳು ಸಾಬವ್ವ. ವಿಜಯಪುರದ ಕಡೆಯವಳು, ನಮ್ಮ ಮನೆಯ ಪಾತ್ರೆ ನೆಲ ನೋಡಿಕೊಳ್ಳುವವಳು. ಒರೆಸುವ ಬಟ್ಟೆ ಹಿಂಡುತ್ತಾ ಎದ್ದು ನಿಂತಳು. "ಅಜ್ಜಾರ, ಇದಕ್ಕ ಮುಗಿಯೂದಂತ ಇಲ್ಲೇನ್ರಿ? ನಾ ಬಂದಾಗೆಲ್ಲಾ ಇದ ಹಸರ ಗಾಡಿ ಇದ ಗ್ವಾಡಿಗೆ ಬಡೀತದ. ಒಂದ ಸಲ ನೋಡಿದ್ದನ್ನ ಎಷ್ಟ ಸಲ ನೋಡ್ತೀರಿ? ಭಾಳ ಆತ್ರಿ."

ನಾನು ಹೆಂಡತಿಯ ಕಡೆ ತಿರುಗಿದೆ. ಟಿವಿಯಲ್ಲಿ ಕಾರುಗಳು ಕಿರುಚುತ್ತಲೇ ಇದ್ದವು.

"ಲೀಲಾಕ್ಷಿ, ಇದು ಯಾವತ್ತಿನ ರೇಸು?"

"ಆ ಹುಡುಗ ತೋರಿಸಿದ್ದು ಅದೇ. ಮೊದಲನೇ ವಾರದ್ದು."

"ಎಲ್ಲಾ ವಾರವೂ?"

"ಎಲ್ಲಾ ವಾರವೂ ಅದೇ."

"ನಿನಗೆ ಗೊತ್ತಿತ್ತಾ?"

"ಎರಡನೇ ವಾರ ಅರ್ಧದಲ್ಲಿ ಗೊತ್ತಾಯ್ತು. ನಿಮಗೂ ಗೊತ್ತುಂಟು, ಆದ್ರೂ ನೋಡ್ತಿದ್ದೀರಿ ಅಂತ ಎಣಿಸಿದ್ದೆ. ನಿಮಗೆ ಅಷ್ಟು ನೆನಪು. ಅನಂತರಾಮು ಬಂದ ದಿನವೇ ಗೊತ್ತಾದ್ದು, ನಿಮಗೆ ಗೊತ್ತಿಲ್ಲ ಅಂತ."

"ಆಗ ಆದ್ರೂ ಹೇಳಬಾರದಿತ್ತಾ?"

ಅವಳು ರಿಮೋಟನ್ನು ಸೆರಗಿನಿಂದ ಒರೆಸಿದಳು. "ಎರಡು ಗಂಟೆ ನನ್ನ ಹತ್ತಿರ ಕೂತಿರ್ತಿದ್ರಿ. ಮದುವೆ ಆದ ಮೇಲೆ ಅಷ್ಟು ಹೊತ್ತು ಕೂತದ್ದು ನೆನಪುಂಟಾ? ನಿಮಗೆ ಎಲ್ಲಾ ನೆನಪಿರ್ತದಲ್ಲ, ಹೇಳಿ."

ನಾನು ನೆನಪು ಮಾಡಿ ನೋಡಿದೆ. ನಲವತ್ತೊಂದು ವರ್ಷದ ಭಾನುವಾರಗಳು, ಹದಿನಾಲ್ಕು ಟೇಬಲ್ಲು, ಸಾಲು ನಿಂತ ಜನ.

"ಬೇರೆ ರೇಸು ಹಾಕಿದ್ರೆ ನೀವು ಕೂರ್ತೀರೋ ಇಲ್ವೋ ಅಂತ ಹೆದರಿಕೆ," ಎಂದಳು. "ಇದಾದ್ರೆ ಕೂರ್ತೀರಿ ಅಂತ ಗೊತ್ತುಂಟು."

ಟಿವಿಯಲ್ಲಿ ಮೂರನೇ ತಿರುವು ಬಂದಿತ್ತು. ಹಸಿರು ಕಾರು ಬಡಿಯಿತು. ಹಳದಿ ಟೋಪಿಯವಳು ಮುಖ ಮುಚ್ಚಿದಳು.

"ಇವಳೊಬ್ಬಳು, ಯಾವಾಗಲೂ ಆಕಳಿಕೆ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಆಕಳಿಕೆ ಅಲ್ಲ. ಅವಳು ಆ ಹಸಿರಿನವನ ಹೆಂಡತಿ."

"ನಿನಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಅವಳು ಬೇರೆ ಯಾವ ಕಾರನ್ನೂ ನೋಡುದೇ ಇಲ್ಲ."

ಸಂಜೆಗೆ ಸಂಗತಿ ಎಲ್ಲರಿಗೂ ಗೊತ್ತಾಯಿತು. ಪುನೀತ ಓಡಿ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ತಾತ, ನಾನ್ ಸಿಕ್ಕಾಗೆಲ್ಲಾ ನೀವು ಹೇಳ್ತಿದ್ದಿದ್ದು ಮೊದಲನೇ ವಾರದ್ದಾ? ನಂಗೆ ಒಂದು ಸಲಾನೂ ಡೌಟ್ ಬರ್ಲಿಲ್ಲ. ನೋಡಿ, ಅಷ್ಟು ಕೆಟ್ಟೋಗಿದೆ ಈ ರೇಸು." ಪಾಪ, ಅವನಿಗೆ ನನ್ನ ಅವಸ್ಥೆಗಿಂತ ರೇಸಿನ ಅವಸ್ಥೆ ದೊಡ್ಡದಾಗಿತ್ತು. ಇನ್ನು ಮುಂದೆ ಇಂಥ ಫಜೀತಿ ಆಗಬಾರದೆಂದು, ಟಿವಿ ಹಾಕಿದ ಕೂಡಲೇ ಆ ಹೊತ್ತಿನ ರೇಸೇ ಬರುವ ಹಾಗೆ, ಹಳೆಯದು ಬರದ ಹಾಗೆ ಮಾಡಿ ಹೋದ. ಡಾಕ್ಟರು ಫೋನಿನಲ್ಲಿ ನಕ್ಕು, ನೆನಪಿನಲ್ಲಿ ಆಜೋಬಾಗೆ ನೂರಕ್ಕೆ ನೂರು ಎಂದಳಂತೆ. ಅನಂತರಾಮು ಮಾತ್ರ ಇದನ್ನು ನಂಬಲಿಲ್ಲ; ವೈಶಾಖಕ್ಕೆ ಕಲ್ಯಾಣಮಂಟಪ ಹುಡುಕಲು ಮಂಡ್ಯಕ್ಕೆ ಹೊರಟರು.

ಸುಖೇಶ್ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟ. "ತಪ್ಪಾಯ್ತಪ್ಪಾ. ಇಂದಾಪುರದವ ಕಬ್ಬು ಕಡಿಸ್ಲಿಕ್ಕೆ ಊರಿಗೆ ಹೋಗಿದ್ದಾನೆ, ಬರುದಿಲ್ಲವಂತೆ. ಭಾನುವಾರದಿಂದಲೇ ಬನ್ನಿ. ಏಳೂ ದಿನ ಕುರ್ಚಿ ನಿಮ್ಮದೇ."

ಏಳೂ ದಿನ. ನಾನು ಕೈ ಚಾಚಿದೆ. ಯೋಚಿಸಲಿಲ್ಲ. ಲೀಲಾಕ್ಷಿ ಬಾಗಿಲ ಹತ್ತಿರ ನಿಂತು, "ಒಳ್ಳೆಯದಾಯ್ತು," ಎಂದಳು. ಒಳ್ಳೆಯದಾಯಿತು ಎಂದರೆ ಒಳ್ಳೆಯದಾಯಿತು ಎಂದೇ ನಾನು ತಿಳಿದೆ.

ಭಾನುವಾರ ಕುರ್ಚಿಯಲ್ಲಿ ಕೂತೆ. ಬೆತ್ತ ನನ್ನ ಮೈಯ ಗುರುತು ಮರೆತಿರಲಿಲ್ಲ. ಅಡುಗೆಯವರು ಬಂದು ಕೈ ಕುಲುಕಿದರು. ಏಳೂವರೆ ಹೊತ್ತಿಗೆ ಪುನೀತನ ಫೋನು ಬಂತು. ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ತಾತ, ನೋಡ್ತಿದ್ದೀರಾ? ನೀಲಿ ಕಾರು ನಿಂತೇ ಹೋಯ್ತು, ಎಂಜಿನ್ನಿಂದ ಹೊಗೆ. ಹದಿನೈದನೇ ಜಾಗದಿಂದ ಬಂದೋನು ಈಗ ಮುಂದೆ. ಏನಾಗುತ್ತೋ ಯಾರಿಗೂ ಗೊತ್ತಿಲ್ಲ ತಾತ. ಇಂಥ ರೇಸು ನಾನು ನೋಡೇ ಇಲ್ಲ. ಇವತ್ತು ಆಫೀಸ್ ರಜಾ, ಅಜ್ಜೀಗೂ ಹಾಕ್ಕೊಟ್ಟು ಬಂದೆ, ಅವ್ರು ನೋಡ್ತಿದ್ದಾರೆ."

ನಾನು ಮನೆಗೆ ಫೋನು ಹಚ್ಚಿದೆ.

"ರೇಸ್ ನೋಡ್ತಿದ್ದಿಯಂತೆ?"

"ಇಲ್ಲ. ಆರಿಸಿದೆ."

"ಯಾಕೆ?"

"ನನಗೆ ಆ ಜನ ಯಾರೂ ಗೊತ್ತಿಲ್ಲ."

"ಹಳೆಯದು ಬರುದಿಲ್ಲವಾ?"

"ಪುನೀತ ತೆಗೆದನಲ್ಲ."

"ಮತ್ತೆ ಎಂತ ಮಾಡ್ತಾ ಇದ್ದಿ?"

"ಎಂತ ಇಲ್ಲ. ಕೂತಿದ್ದೇನೆ."

ಗಡಿಯಾರ ನೋಡಿದೆ. ಈಗ ಹೊರಟರೂ ಭಾನುವಾರದ ಟ್ರಾಫಿಕ್ಕಿನಲ್ಲಿ ಖರಾಡಿ ಮುಟ್ಟಲು ಒಂದೂವರೆ ಗಂಟೆ. ಗಲ್ಲೆಯ ಮುಂದೆ ಒಂಬತ್ತು ಜನ ಚೀಟಿ ಹಿಡಿದು ನಿಂತಿದ್ದರು. ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ.

"ಕೇಳು," ಎಂದೆ. "ಐದು ಕೆಂಪು ದೀಪ ಹತ್ತಿತು. ಆರಿತು. ನೀಲಿ ಕಾರು ಹೊರಟಿತು."

ಆ ಕಡೆ ಸೋಫಾದ ಕಿರ್ ಎಂಬ ಸದ್ದು ಕೇಳಿಸಿತು. ಕಾಲು ಮೇಲೆ ಮಾಡಿ ಸರಿಯಾಗಿ ಕೂತಳು ಎಂದು ಕಾಣುತ್ತದೆ.

ಸುತ್ತಿನ ಮೇಲೆ ಸುತ್ತು ಹೇಳಿದೆ. ಮುಂದೆ ನಿಂತ ಗಿರಾಕಿಗಳು ಮೊದಲು ಮುಖ ಮುಖ ನೋಡಿಕೊಂಡರು. ಒಬ್ಬ ಚೀಟಿ ತೋರಿಸಿ ಕೆಮ್ಮಿದ. ಅಡುಗೆಮನೆಯ ಬಾಗಿಲಲ್ಲಿ ಸುಖೇಶ್ ಬಂದು ನಿಂತ, ಕಿಸೆಯಿಂದ ಫೋನು ತೆಗೆದ. ಡಾಕ್ಟರಿಗೋ ಏನೋ ಎಂದುಕೊಂಡೆ. ಅವನು ನನ್ನನ್ನು ನೋಡಿದ, ಫೋನನ್ನು ಮತ್ತೆ ಕಿಸೆಗೆ ಹಾಕಿದ. ಬಂದು ಪಕ್ಕದಲ್ಲಿ ನಿಂತು ಚೀಟಿ ತೆಗೆದುಕೊಳ್ಳತೊಡಗಿದ.

ಇಪ್ಪತ್ತೆರಡನೇ ಸುತ್ತು ಬಂತು. ನನಗೆ ಹಳದಿ ಟೋಪಿಯ ಹೆಂಗಸಿನ ನೆನಪಾಯಿತು. ಒಂಬತ್ತು ವಾರ ಅವಳ ಕಡೆ ನೋಡಿ ಆಕಳಿಕೆ ಎಂದವನು ನಾನು. ಇವತ್ತು ಒಂದು ದಿನ ಅವಳು ಮುಖ ಮುಚ್ಚದೆ ಇರಲಿ ಎನಿಸಿತು.

"ಮೂರನೇ ತಿರುವು," ಎಂದೆ. "ಹಸಿರು ಕಾರು ಬಂತು. ತಿರುಗಿತು. ಗೋಡೆ ತಾಗಲಿಲ್ಲ. ದಾಟಿ ಹೋಯಿತು."

ಆ ಕಡೆ ಸೋಫಾ ಮತ್ತೆ ಕಿರ್ ಎಂದಿತು.

"ಹಾಗೆ ಹೇಳ್ಬೇಡಿ," ಎಂದಳು ಲೀಲಾಕ್ಷಿ. "ಇದ್ದ ಹಾಗೆ ಹೇಳಿ."

ನಾನು ಹಸಿರು ಕಾರನ್ನು ಹಿಂದಕ್ಕೆ ತಂದೆ. ಗೋಡೆಗೆ ಬಡಿಸಿದೆ. ಕೈಗವಸು ಎಸೆಸಿದೆ. ಹತ್ತು ನಿಮಿಷ ಮಳೆ ಹನಿಸಿದೆ. ಬಿಳಿ ಅಂಗಿಯವನು ಓಡಿ ಬಂದ.

"ಕೊಡೆ ಬಿತ್ತು," ಎಂದೆ.

"ಹ್ಞಾಂ," ಎಂದಳು. "ಈಗ ಮುಂದೆ ಹೇಳಿ."